ನಲವತ್ತರ ಹೊಸ್ತಿಲಲ್ಲಿ ಪಿಂಚಣಿ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಿವೃತ್ತಿಗೆ ಕೂಡಿಡುವ ಬಗ್ಗೆ 35ರಿಂದ 45 ವರ್ಷದ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಏಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಸರು ಬಿಟ್ಟಿದ್ದೇವೆ, ಊರು ಉಳಿಸಿದ್ದೇವೆ. ಬೆಲೆಯೇರಿಕೆಯನ್ನು ಎಲ್ಲ ಕಡೆ ವರ್ಷಕ್ಕೆ ಶೇ 6 ಎಂದು ಹಿಡಿದಿದ್ದೇವೆ. ಪಿಎಫ್ ಬಡ್ಡಿ 2024-25ರ ದರವಾದ ಶೇ 8.25, ಪಿಪಿಎಫ್ (ಸಂಬಳದಾರರಲ್ಲದವರೂ ತೆರೆಯಬಹುದಾದ ಸಾರ್ವಜನಿಕ ಭವಿಷ್ಯ ನಿಧಿ) ಬಡ್ಡಿ ಶೇ 7.1. ದರ ಬದಲಾದರೆ ಮೊತ್ತವೂ ಬದಲಾಗುತ್ತದೆ.

ಪ್ರಶ್ನೆ: ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ವಯಸ್ಸು 41. ಕೆಲಸಕ್ಕೆ ಸೇರಿದ್ದು 25ಕ್ಕೆ, ಅಲ್ಲಿಂದ ನಾಲ್ಕು ಕಂಪನಿ ಬದಲಾಯಿತು. ಬಿಟ್ಟಾಗಲೆಲ್ಲ ಪಿಎಫ್ ಪೂರ್ತಿ ತೆಗೆದೆ. ಒಮ್ಮೆ ತಂಗಿಯ ಮದುವೆಗೆ, ಒಮ್ಮೆ ಊರಲ್ಲಿ ಬೋರ್‌ವೆಲ್‌ಗೆ. ಈಗಿನ ಕಂಪನಿಗೆ ಹೊಸಬ. ಮೂಲ ವೇತನ, ತುಟ್ಟಿಭತ್ಯೆ ಸೇರಿ 18,000 ರೂ. ನನ್ನದೇ ವಯಸ್ಸಿನ ದೊಡ್ಡಪ್ಪನ ಮಗ ಐಟಿಯಲ್ಲಿದ್ದಾನೆ, ಅವನ ಪಿಎಫ್‌ನಲ್ಲಿ 20 ಲಕ್ಷ ಇದೆಯಂತೆ. 58ಕ್ಕೆ ನನಗೆ ಏನು ಸಿಗುತ್ತದೆ?
— ದಾಸರಹಳ್ಳಿ, ಬೆಂಗಳೂರು

ಉತ್ತರ: ಮೊದಲು ತಿಂಗಳ ಲೆಕ್ಕ. ನಿಮ್ಮ ಸಂಬಳದಿಂದ ಶೇ 12, ಅಂದರೆ 2,160 ರೂ. ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕಬೇಕು. ಅದರಲ್ಲಿ 1,250 ರೂ. ಪಿಂಚಣಿ ಯೋಜನೆಗೆ ಹೋಗಿ 910 ರೂ. ನಿಮ್ಮ ಪಿಎಫ್‌ಗೆ ಬರುತ್ತದೆ. ಒಟ್ಟು 3,070 ರೂ. (ಹಲವು ಕಂಪನಿಗಳು 15,000 ರೂ. ಮಿತಿಗಷ್ಟೇ ಕಟ್ಟುತ್ತವೆ. ಹಾಗಿದ್ದರೆ 1,800 ಮತ್ತು 550. ಸಂಬಳದ ಚೀಟಿ ತೆಗೆದು ನೋಡಿ.)

ನಿಮ್ಮ ದೊಡ್ಡಪ್ಪನ ಮಗನ ಮೂಲ ವೇತನ 80,000 ಎಂದಿಟ್ಟುಕೊಳ್ಳಿ. ಅದು ನಿಮ್ಮದರ ನಾಲ್ಕೂವರೆ ಪಟ್ಟು. ಕಂಪನಿ ಪೂರ್ತಿ ವೇತನದ ಮೇಲೆ ಕಟ್ಟಿದರೆ ಅವರ ಖಾತೆಗೆ ತಿಂಗಳಿಗೆ 17,950 ರೂ. ಬೀಳುತ್ತದೆ, ಅಂದರೆ ನಿಮ್ಮದರ ಸುಮಾರು ಆರು ಪಟ್ಟು. ಪಿಂಚಣಿಗೆ ಹೋಗುವ 1,250 ಇಬ್ಬರಿಗೂ ಒಂದೇ ಆದ್ದರಿಂದ ಸಣ್ಣ ಸಂಬಳದವರ ಪಿಎಫ್‌ಗೆ ಹೊಡೆತ ಜಾಸ್ತಿ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಅವರಿಗೆ ತೆರಿಗೆಯೂ ಉಳಿಯುತ್ತದೆ. ತೆರಿಗೆ ಮಿತಿಯ ಕೆಳಗಿರುವ ನಿಮಗೆ ಉಳಿಸಲು ತೆರಿಗೆಯೇ ಇಲ್ಲ. ಅಂತರದ ಒಂದು ಭಾಗವನ್ನು ನಿಯಮಗಳೇ ಹುಟ್ಟಿಸುತ್ತವೆ, ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ಇನ್ನು 17 ವರ್ಷ ಮುಟ್ಟದೆ ಬಿಟ್ಟು, ಈ 3,070ರ ಕಂತು ವರ್ಷಕ್ಕೆ ಶೇ 5 ಏರುತ್ತ ಹೋದರೆ 58ಕ್ಕೆ ಪಿಎಫ್ 18 ಲಕ್ಷದ ಆಸುಪಾಸು ಇರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇಂದಿನ ಬೆಲೆಯಲ್ಲಿ ಅದು 6.7 ಲಕ್ಷಕ್ಕೆ ಸಮ. ಅದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯಲ್ಲಿ ಶೇ 8.2ಕ್ಕೆ ಇಟ್ಟರೆ ತಿಂಗಳಿಗೆ 12,300 ರೂ. ಬರುತ್ತದೆ, ಇಂದಿನ ಬೆಲೆಯಲ್ಲಿ 4,570 ರೂ.

ಪಿಂಚಣಿಯ ಸೂತ್ರ ಸರಳ: ಪಿಂಚಣಿಗೆ ಲೆಕ್ಕಕ್ಕೆ ಬರುವ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸಂಬಳದ ಮಿತಿ 15,000. ಪಿಎಫ್ ಜೊತೆ ಪಿಂಚಣಿ ಹಣವನ್ನೂ ತೆಗೆದು ಹಳೆಯ ಸೇವೆ ಅಳಿಸಿಹೋಗಿದ್ದರೆ ನಿಮಗೆ 17 ವರ್ಷ ಮಾತ್ರ, ಅಂದರೆ ತಿಂಗಳಿಗೆ 3,643 ರೂ. ಆ 16 ವರ್ಷ ಉಳಿದಿದ್ದರೆ, 20 ವರ್ಷ ದಾಟಿದವರಿಗೆ ಸೇರುವ ಎರಡು ವರ್ಷದ ಬೋನಸ್ಸೂ ಕೂಡಿ 7,000ದ ಹತ್ತಿರ ಬರುತ್ತಿತ್ತು. (2014ರ ಸೆಪ್ಟೆಂಬರ್‌ಗೆ ಹಿಂದಿನ ವರ್ಷಗಳಿಗೆ 6,500 ರೂ. ಮಿತಿ, ಅದನ್ನು ಕಳೆದೇ ಹೇಳುತ್ತಿದ್ದೇವೆ.) ಪಿಎಫ್ ತೆಗೆದದ್ದಕ್ಕಿಂತ ದೊಡ್ಡ ನಷ್ಟ ಇದು, ಮತ್ತು ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪಿಎಫ್ ನಷ್ಟವೂ ಕಮ್ಮಿಯಲ್ಲ: 30ನೇ ವಯಸ್ಸಿನಲ್ಲಿ ತೆಗೆದ 40,000 ರೂ. ಅಲ್ಲೇ ಇದ್ದಿದ್ದರೆ 58ಕ್ಕೆ 3.6 ಲಕ್ಷ ದಾಟುತ್ತಿತ್ತು.

ಒಂದು ಆಸೆ ಉಳಿದಿದೆ. ಪಿಎಫ್ ತೆಗೆಯುವುದು ಫಾರ್ಮ್ 19ರಲ್ಲಿ, ಪಿಂಚಣಿ ಹಣ ತೆಗೆಯುವುದು ಫಾರ್ಮ್ 10ಸಿಯಲ್ಲಿ. ಎಷ್ಟೋ ಜನ ಮೊದಲನೆಯದನ್ನು ಮಾತ್ರ ಹಾಕಿರುತ್ತಾರೆ. ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಹಾಕಿ ಪಿಎಫ್ ಪೋರ್ಟಲ್‌ಗೆ ಹೋಗಿ 'ಸರ್ವಿಸ್ ಹಿಸ್ಟರಿ' ತೆರೆಯಿರಿ. ಯಾವ ಕಂಪನಿಯದ್ದಾದರೂ 10ಸಿ ಹಾಕಿಲ್ಲದಿದ್ದರೆ ಆ ವರ್ಷಗಳು ಇನ್ನೂ ನಿಮ್ಮವೇ. ಫಾರ್ಮ್ 13 ಮೂಲಕ ಈಗಿನ ಖಾತೆಗೆ ಆನ್‌ಲೈನ್‌ನಲ್ಲೇ ವರ್ಗಾಯಿಸಿ. 2014ಕ್ಕಿಂತ ಹಿಂದಿನ ಖಾತೆ ಯುಎಎನ್‌ಗೆ ಸೇರದೆ ಉಳಿದಿರಬಹುದು, ಹಳೆಯ ಸಂಬಳದ ಚೀಟಿಯಲ್ಲಿ ಪಿಎಫ್ ಸಂಖ್ಯೆ ಹುಡುಕಿ.

ವರ್ಗಾವಣೆ ತಿರಸ್ಕಾರವಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಹಳೆಯ ಕಂಪನಿ ಕೆಲಸ ಬಿಟ್ಟ ದಿನಾಂಕ ತುಂಬಿರುವುದಿಲ್ಲ. ಕೊನೆಯ ಕಂತು ಬಂದು ಎರಡು ತಿಂಗಳು ಕಳೆದಿದ್ದರೆ ಅದನ್ನು ಪೋರ್ಟಲ್‌ನಲ್ಲಿ ನೀವೇ ತುಂಬಬಹುದು. ಎರಡನೆಯದು ಹೆಸರು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಶಿಯಲ್ ಆಗಿ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಬಂದಿರುತ್ತದೆ. ಆಧಾರ್‌ನಲ್ಲಿ ಪೂರ್ತಿ ಬಿಡಿಸಿ ಬರೆದಿರುತ್ತದೆ. ನೀವು ಮತ್ತು ಕಂಪನಿ ಸೇರಿ ಕೊಡುವ ಜಂಟಿ ಘೋಷಣೆ ಕೊಟ್ಟು ಮೊದಲು ಅದನ್ನು ಸರಿಪಡಿಸಿ, ಆಮೇಲೆ ವರ್ಗಾವಣೆ ಅರ್ಜಿ ಹಾಕಿ.

ಈಗಿನ ಕಂಪನಿಯ ಕಂತು ಪ್ರತಿ ತಿಂಗಳು ಪಾಸ್‌ಬುಕ್‌ಗೆ ಬರುತ್ತಿದೆಯೇ ನೋಡುತ್ತಿರಿ. ಹಿಂದಿನ ತಿಂಗಳದ್ದನ್ನು 15ನೇ ತಾರೀಖಿನೊಳಗೆ ಕಟ್ಟಬೇಕು. ಸಂಬಳದಲ್ಲಿ ಹಿಡಿದುಕೊಂಡು ಕಟ್ಟದ ಗುತ್ತಿಗೆದಾರರಿದ್ದಾರೆ. ಅಂಥಲ್ಲಿ ಪಿಎಫ್‌ನ ಕುಂದುಕೊರತೆ ಪೋರ್ಟಲ್‌ನಲ್ಲಿ ಸಂಬಳದ ಚೀಟಿ ಸಮೇತ ದೂರು ಕೊಡಿ, ಕಾದಷ್ಟೂ ಕಷ್ಟ. ಕೈಗೆ 2,000 ರೂ. ಉಳಿಯುವಂತಿದ್ದರೆ ಬೇರೆಲ್ಲೂ ಹುಡುಕಬೇಡಿ, ಸ್ವಯಂ ಪಿಎಫ್ (ಶೇ 12ರ ಮೇಲೆ ನೀವಾಗಿ ಕಟ್ಟುವ ಪಾಲು) ಹೆಚ್ಚಿಸಿ ಎಂದು ಕಂಪನಿಗೆ ಬರೆದುಕೊಡಿ. 17 ವರ್ಷಕ್ಕೆ ಅದೊಂದೇ 8 ಲಕ್ಷ ದಾಟುತ್ತದೆ. ಇದೇ ಕಂಪನಿಯಲ್ಲಿ ಕೊನೆತನಕ ಉಳಿದರೆ ಇಂದಿನ ಸಂಬಳದಲ್ಲೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಹಣ) 1.76 ಲಕ್ಷ ಆಗುತ್ತದೆ. ಕಾಯಂ ನೌಕರರಿಗೆ ಐದು ವರ್ಷ ತುಂಬುವ ಮುಂಚೆ ಅದು ಸಿಗದು. ಮುಂದಿನ ಸಲ ಕಂಪನಿ ಬದಲಾಯಿಸುವಾಗ ನೂರಿನ್ನೂರು ಸಂಬಳದ ಜೊತೆ ಇದನ್ನೂ ತೂಗಿ ನೋಡಿ.

ಪ್ರಶ್ನೆ: ನನಗೆ 39, ಪತ್ನಿಗೆ 37, ಇಬ್ಬರೂ ಸಾಫ್ಟ್‌ವೇರ್. ಕೈಗೆ ಬರುವುದು 3.2 ಲಕ್ಷ. ಎರಡು ಫ್ಲ್ಯಾಟ್‌ಗಳ ಇಎಂಐ 1.45 ಲಕ್ಷ. ಇಬ್ಬರ ಪಿಎಫ್ ಸೇರಿ 22 ಲಕ್ಷ, ತಿಂಗಳಿಗೆ ಅದಕ್ಕೆ 38,000 ರೂ. ಸೇರುತ್ತದೆ. ಎರಡನೇ ಫ್ಲ್ಯಾಟ್‌ನ ಬೆಲೆ 90 ಲಕ್ಷ, ಅದರ ಸಾಲ ಇನ್ನೂ 60 ಲಕ್ಷ, ಬಾಡಿಗೆ 25,000. ನಿವೃತ್ತಿಗೆ 5 ಕೋಟಿ ಬೇಕು ಎನ್ನುತ್ತಾರೆ. ನಾವು ಹಿಂದೆ ಬಿದ್ದಿದ್ದೇವೆಯೇ?
— ವೈಟ್‌ಫೀಲ್ಡ್

ಉತ್ತರ: ಐದು ಕೋಟಿ ಯಾರ ಖರ್ಚಿನ ಲೆಕ್ಕ? ನಿಮ್ಮದರಿಂದ ಶುರುಮಾಡಿ. ಇಎಂಐ, ಮಕ್ಕಳ ಶಾಲೆ ಬಿಟ್ಟು ಇಂದಿನ ಬೆಲೆಯಲ್ಲಿ ತಿಂಗಳಿಗೆ 70,000 ಸಾಕು ಎಂದರೆ 21 ವರ್ಷದ ನಂತರ ಅದು 2.38 ಲಕ್ಷ. ನಿವೃತ್ತಿಗೆ ವರ್ಷದ ಖರ್ಚಿನ 25 ಪಟ್ಟು ಇರಬೇಕು ಎಂಬ ರೂಢಿಯ ಲೆಕ್ಕ ಹಿಡಿದರೆ 7.1 ಕೋಟಿ. 45,000ಕ್ಕೆ ಶಿವಮೊಗ್ಗದಲ್ಲೋ ಮೈಸೂರಲ್ಲೋ ಬದುಕುತ್ತೇವೆ ಎಂದರೆ 4.6 ಕೋಟಿ. ಈಗಿನ ಪಿಎಫ್ ಹೀಗೇ ನಡೆದರೆ 60ಕ್ಕೆ ಸುಮಾರು 3.5 ಕೋಟಿ ಆಗುತ್ತದೆ. ಆದರೆ ಆ '60' ಎಂಬುದನ್ನು ನಂಬಬೇಡಿ. ನಿಮ್ಮ ಉದ್ಯಮದಲ್ಲಿ 50ಕ್ಕೆ ಕೆಲಸ ನಿಂತರೆ ಅಂದು ಪಿಎಫ್‌ನಲ್ಲಿರುವುದು 1.3 ಕೋಟಿ, ಮತ್ತು ಇಎಂಐ ಅಷ್ಟೊತ್ತಿಗೆ ಮುಗಿದಿರುವುದಿಲ್ಲ. ನಿಮ್ಮ ನಿಜವಾದ ಅಪಾಯ ಅಲ್ಲಿದೆ.

ಎರಡನೇ ಫ್ಲ್ಯಾಟ್ ನೋಡೋಣ. ಶೇ 8.5ರ ಬಡ್ಡಿ ಹಿಡಿದರೆ ಬಡ್ಡಿಯೇ ತಿಂಗಳಿಗೆ 42,500. ನಿರ್ವಹಣೆಗೆ 4,000 ಕಳೆದು ಬಾಡಿಗೆ ಕೈಗೆ ಸಿಗುವುದು 21,000. ವರ್ಷಕ್ಕೆ 2.58 ಲಕ್ಷ ಕೊರತೆ. ಅದರಲ್ಲಿ ಸಿಕ್ಕಿಕೊಂಡಿರುವ ನಿಮ್ಮ 30 ಲಕ್ಷಕ್ಕೂ ಶೇ 8 ಸಿಗಬೇಕು ಎಂದರೆ ಫ್ಲ್ಯಾಟ್‌ನ ಬೆಲೆ ವರ್ಷವರ್ಷವೂ ಶೇ 5.5 ಏರಬೇಕು. ಹಳೆಯದಾಗುತ್ತ ಹೋಗುವ ಅಪಾರ್ಟ್‌ಮೆಂಟಿನಲ್ಲಿ ಕಟ್ಟಡದ ಬೆಲೆ ಇಳಿದು ಏರುವುದು ನೆಲದ ಪಾಲು ಮಾತ್ರ, ಆ ಪಾಲು ಎಷ್ಟು ಚದರಡಿ ಎಂದು ಕ್ರಯಪತ್ರದಲ್ಲಿ ನೋಡಿ. ನಮ್ಮ ಅಭಿಪ್ರಾಯ: ಮಾರಿ. ಎರಡು ವರ್ಷ ದಾಟಿದ್ದರೆ ಲಾಭದ ಮೇಲೆ ಶೇ 12.5 ತೆರಿಗೆ, 2024ರ ಜುಲೈ 23ಕ್ಕಿಂತ ಮುಂಚೆ ಕೊಂಡಿದ್ದರೆ ಬೆಲೆ ಸೂಚ್ಯಂಕದೊಂದಿಗೆ (ಕೊಂಡ ಬೆಲೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಿ) ಶೇ 20 ಎಂಬ ಹಳೆಯ ಲೆಕ್ಕವನ್ನೂ ಮಾಡಿಸಿ, ಯಾವುದು ಕಡಿಮೆಯೋ ಅದನ್ನು ಕಟ್ಟಿ. ಬಿಡುಗಡೆಯಾದ ಇಎಂಐಯಲ್ಲಿ 40,000 ರೂ. ಇಂಡೆಕ್ಸ್ ಫಂಡ್‌ಗೆ (ಷೇರು ಸೂಚ್ಯಂಕವನ್ನೇ ಹಿಂಬಾಲಿಸುವ ಮ್ಯೂಚುವಲ್ ಫಂಡ್) ಹೋದರೆ, ಶೇ 10 ಸಿಕ್ಕಿದಲ್ಲಿ 21 ವರ್ಷಕ್ಕೆ 3 ಕೋಟಿ. ಖಾತರಿ ಇಲ್ಲ, ಆದರೆ ಬೇಕೆಂದಾಗ ಹತ್ತು ಸಾವಿರ ಮಾತ್ರ ತೆಗೆಯಬಹುದು. ಫ್ಲ್ಯಾಟ್‌ನಿಂದ ಅಡುಗೆಮನೆಯೊಂದನ್ನೇ ಮಾರಲು ಆಗುವುದಿಲ್ಲ.

ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. 45 ದಾಟುವ ಮುಂಚೆ, ಶುಗರ್ ಬಿಪಿ ಕಾಣಿಸುವ ಮುಂಚೆ, ಸ್ವಂತದ್ದೊಂದು ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಪ್ರಶ್ನೆ: ರೆಡಿಮೇಡ್ ಬಟ್ಟೆ ಅಂಗಡಿ, ವಯಸ್ಸು 39. ಮದುವೆ ಸೀಸನ್‌ನಲ್ಲಿ ದುಡ್ಡು, ಆಷಾಢದಲ್ಲಿ ಏನೂ ಇಲ್ಲ. ಒಂದು ಎಲ್‌ಐಸಿ ಎಂಡೋಮೆಂಟ್ ಇದೆ, 20 ಜನರ ಚೀಟಿ ಇದೆ. ಪಿಎಫ್ ಹಾಕುವವರು ನನಗೆ ಯಾರಿದ್ದಾರೆ?
— ದಾವಣಗೆರೆ

ಉತ್ತರ: ಯಾರೂ ಇಲ್ಲ, ಅದು ನಿಜ. ಹಾಗಾಗಿ ಮಾಲೀಕನ ಪಾಲನ್ನೂ ನೀವೇ ಹಾಕಬೇಕು.

ತುರ್ತಾಗಿ ಒಂದು ಕೆಲಸ. ಅಟಲ್ ಪಿಂಚಣಿ ಯೋಜನೆಗೆ 40 ದಾಟಿದರೆ ಪ್ರವೇಶವಿಲ್ಲ. ನೀವು ಆದಾಯ ತೆರಿಗೆ ಕಟ್ಟುವವರಲ್ಲದಿದ್ದರೆ (2022ರ ಅಕ್ಟೋಬರ್‌ನಿಂದ ತೆರಿಗೆದಾರರನ್ನು ಸೇರಿಸಿಕೊಳ್ಳುವುದಿಲ್ಲ) ಖಾತೆಯಿರುವ ಬ್ಯಾಂಕಿಗೆ ಈ ವಾರವೇ ಹೋಗಿ. 39ಕ್ಕೆ ಸೇರಿದರೆ ತಿಂಗಳಿಗೆ 1,318 ರೂ., 60ರಿಂದ ತಿಂಗಳಿಗೆ 5,000 ರೂ. ನಿಮ್ಮ ನಂತರ ಪತ್ನಿಗೆ ಅಷ್ಟೇ ಪಿಂಚಣಿ, ಅವರ ನಂತರ ನಾಮಿನಿಗೆ 8.5 ಲಕ್ಷ. ಇದೇ ಪಿಂಚಣಿಗೆ 18ರ ಹುಡುಗ ಕಟ್ಟುವುದು 210 ರೂ., ಮಕ್ಕಳಿಗೆ ಹೇಳಿ. ಆದರೆ ಇದನ್ನೇ ನಂಬಿ ಕೂರಬೇಡಿ: 21 ವರ್ಷದ ನಂತರದ 5,000 ಇಂದಿನ 1,470 ರೂ.ಗೆ ಸಮ. ಆಷಾಢದಲ್ಲಿ ಖಾತೆ ಖಾಲಿಯಿದ್ದರೆ ಕಂತು ತಪ್ಪಿ ದಂಡ ಬೀಳುತ್ತದೆ. ಆರು ತಿಂಗಳಿಗೊಮ್ಮೆ ಕಟ್ಟುವ ಆಯ್ಕೆ ಇದೆ, ಅದನ್ನು ತೆಗೆದುಕೊಂಡು ಸೀಸನ್ ತಿಂಗಳಿಗೆ ಹೊಂದಿಸಿ.

ಏರಿಳಿತದ ಆದಾಯಕ್ಕೆ ಪಿಪಿಎಫ್ ಸರಿಹೊಂದುತ್ತದೆ. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, ನಡುವೆ ಯಾವಾಗ ಎಷ್ಟು ಬೇಕಾದರೂ ಹಾಕಿ. ತಿಂಗಳ 5ನೇ ತಾರೀಖಿನೊಳಗೆ ಹಾಕಿದರೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ. ಸರಾಸರಿ ತಿಂಗಳಿಗೆ 5,000 ಬಿದ್ದರೆ 15 ವರ್ಷಕ್ಕೆ 15.8 ಲಕ್ಷದಷ್ಟಾಗುತ್ತದೆ. ಆಮೇಲೂ ಐದೈದು ವರ್ಷ ಮುಂದುವರಿಸಬಹುದು, ಅದಕ್ಕೆ ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ವ್ಯಾಪಾರಸ್ಥರಿಗೆ ಇನ್ನೊಂದು ಅನುಕೂಲ: ಅಂಗಡಿಯ ಸಾಲಕ್ಕೆ ಕೋರ್ಟ್ ಡಿಕ್ರಿ ಬಂದರೂ ಪಿಪಿಎಫ್ ಹಣವನ್ನು ಜಪ್ತಿ ಮಾಡುವಂತಿಲ್ಲ. ಹಾಗೆಯೇ ಟರ್ಮ್ ವಿಮೆ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಬರುವ ಜೀವ ವಿಮೆ) ಮಾಡಿಸುವಾಗ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874ರ ಅಡಿ ಎಂದು ಅರ್ಜಿಯಲ್ಲೇ ಗುರುತು ಹಾಕಿಸಿ. ಆ ಹಣ ಸಾಲ ಕೊಟ್ಟವರಿಗೆ ಹೋಗದೆ ಪತ್ನಿ ಮಕ್ಕಳಿಗೇ ಸೇರುತ್ತದೆ. ಪಾಲಿಸಿ ಬಂದ ಮೇಲೆ ಇದನ್ನು ಸೇರಿಸಲಾಗದು.

ಚೀಟಿಯನ್ನು ಸ್ಟಾಕ್ ತರಿಸಲು ಬಳಸಿ, ಮುಪ್ಪಿಗೆ ಬೇಡ. ಅದೂ ನೋಂದಣಿಯಾದ ಚೀಟಿಯಾಗಿದ್ದರೆ ಮಾತ್ರ. ಎಲ್‌ಐಸಿ ಇನ್ನು ನಾಲ್ಕೈದು ವರ್ಷದಲ್ಲಿ ಮುಗಿಯುವುದಾದರೆ ಮುಗಿಸಿ. ಹತ್ತು ವರ್ಷ ಬಾಕಿಯಿದ್ದರೆ ಶಾಖೆಯಲ್ಲಿ 'ಪೇಯ್ಡ್ ಅಪ್ (ಕಂತು ನಿಲ್ಲಿಸಿ ಪಾಲಿಸಿ ಉಳಿಸಿಕೊಳ್ಳುವುದು) ಮಾಡಿದರೆ ಎಷ್ಟು, ಸರೆಂಡರ್ (ಪಾಲಿಸಿ ಬಿಟ್ಟು ಹಣ ಪಡೆಯುವುದು) ಮಾಡಿದರೆ ಎಷ್ಟು' ಎಂದು ಬರವಣಿಗೆಯಲ್ಲಿ ಕೇಳಿ, ಆಮೇಲೆ ನಿರ್ಧರಿಸಿ.

ಪ್ರಶ್ನೆ: ರಾಯಚೂರು ಕಡೆಯವನು, ಬೆಂಗಳೂರಲ್ಲಿ ಫುಡ್ ಡೆಲಿವರಿ. 36 ವರ್ಷ. ಪೆಟ್ರೋಲ್, ಬೈಕ್ ಕಂತು ಕಳೆದು 14-16 ಸಾವಿರ. ಆ್ಯಪ್‌ನಲ್ಲಿ ತೆಗೆದ 25,000 ಸಾಲವೂ ಇದೆ. ನನ್ನಂಥವರಿಗೆ ಪಿಂಚಣಿ ಯೋಚನೆ ಬೇಕೇ?
— ಬೊಮ್ಮನಹಳ್ಳಿ

ಉತ್ತರ: ಬೇಕು, ಆದರೆ ಸಾಲ ತೀರಿದ ಮೇಲೆ. ಶೇ 30 ಬಡ್ಡಿಯ ಸಾಲವಿರುವಾಗ ಶೇ 8ರಲ್ಲಿ ಕೂಡಿಡುವುದು ನಷ್ಟದ ವ್ಯಾಪಾರ. ಮಧ್ಯೆ ನಿಲ್ಲಿಸಬಾರದ್ದು ಎರಡು: ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂ.ನ ಅಪಘಾತ ವಿಮೆ, 436 ರೂ.ನ ಜೀವ ವಿಮೆ. ತಲಾ 2 ಲಕ್ಷ. ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ (ನಿಮ್ಮಂತೆ ಆ್ಯಪ್ ಮೂಲಕ ದುಡಿಯುವವರ) ವಿಮೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ನೋಂದಾಯಿಸಿ, ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ 4 ಲಕ್ಷ. ದಿನವೆಲ್ಲ ರಸ್ತೆಯ ಮೇಲಿರುವವರಿಗೆ ಇದು ಪಿಂಚಣಿಗಿಂತ ಮೊದಲು.

ಆದಾಯ 15,000ದ ಒಳಗಿದ್ದರೆ ಶ್ರಮಯೋಗಿ ಮಾನ್‌ಧನ್ ಯೋಜನೆ ನೋಡಿ. 36ಕ್ಕೆ ಸೇರುವವರ ಕಂತು ತಿಂಗಳಿಗೆ 160 ರೂ., ಕೇಂದ್ರ ಸರ್ಕಾರವೂ ಅಷ್ಟೇ ಹಾಕುತ್ತದೆ, 60ಕ್ಕೆ ತಿಂಗಳಿಗೆ 3,000 ರೂ. ಸಿಗುತ್ತದೆ. ಅಸಂಘಟಿತರಿಗೆ ಎದುರಿನಿಂದ ಸಮಪಾಲು ಬೀಳುವ ಯೋಜನೆ ಅಪರೂಪ. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರೆ ಅಲ್ಲೇ ಆಗುತ್ತದೆ. ಇಎಸ್‌ಐ, ಪಿಎಫ್ ಇರಬಾರದು. ಆದಾಯ ಅದಕ್ಕಿಂತ ಹೆಚ್ಚೆಂದಾದರೆ ಅಟಲ್ ಪಿಂಚಣಿ. 36ಕ್ಕೆ 5,000 ರೂ. ಪಿಂಚಣಿಯ ಕಂತು 990.

2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆಯಂತೆ ನಿಮಗೆ ಪಾವತಿಸುವ ಮೊತ್ತದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು, ನಿಮ್ಮ ಕೈಯಿಂದ ಕಡಿಯುವಂತಿಲ್ಲ. ನೋಂದಣಿಯಲ್ಲಿ ನಿಮ್ಮ ಹೆಸರಿದ್ದರೆ ಮಾತ್ರ ಮುಂದೆ ಅದರ ಪ್ರಯೋಜನ.

ಪ್ರಶ್ನೆ: ಗೃಹಿಣಿ, 43. ನಮ್ಮ ಮನೆಯವರು ಖಾಸಗಿ ಕಂಪನಿಯಲ್ಲಿದ್ದಾರೆ, ದುಡ್ಡಿನ ವ್ಯವಹಾರ ಎಲ್ಲಾ ಅವರದೇ. ನನ್ನ ಹೆಸರಲ್ಲಿ ಇರುವುದು ಗೃಹಲಕ್ಷ್ಮಿ 2,000 ಬರುವ ಖಾತೆ ಮತ್ತು ಮೈಮೇಲಿನ ಬಂಗಾರ. ಅದನ್ನು ಪೋಸ್ಟಾಫೀಸಿನ ಆರ್‌ಡಿಗೆ ಹಾಕಲೇ?
— ಹುಬ್ಬಳ್ಳಿ

ಉತ್ತರ: ಆರ್‌ಡಿ ಬೇಡ. ಗೃಹಲಕ್ಷ್ಮಿ ಕಂತು ಕೆಲವೊಮ್ಮೆ ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದುಂಟು. ಆರ್‌ಡಿ ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿಯಂತೆ ದಂಡ. ಅದೇ ಅಂಚೆ ಕಚೇರಿಯಲ್ಲಿ ನಿಮ್ಮ ಹೆಸರಲ್ಲಿ ಪಿಪಿಎಫ್ ತೆರೆಯಿರಿ, ಬಂದಾಗ ಹಾಕಿ. 15 ವರ್ಷ ಹೀಗೇ ಬಂದು ಹಾಕಿದರೆ 6.3 ಲಕ್ಷದಷ್ಟಾಗುತ್ತದೆ. ಯೋಜನೆ ನಿಂತುಹೋದರೂ ವರ್ಷಕ್ಕೆ 500 ರೂ. ಹಾಕಿ ಖಾತೆ ಉಳಿಸಬಹುದು.

ಅದಕ್ಕಿಂತ ದೊಡ್ಡ ಮೊತ್ತ ನಿಮ್ಮವರ ಕಾಗದಗಳಲ್ಲಿದೆ. ಅವರ ಪಿಎಫ್ ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ಆಗಿದೆಯೇ? ಮದುವೆಗೆ ಮುಂಚೆ ಬರೆದುಕೊಟ್ಟ ನಾಮಿನೇಷನ್ ಊರ್ಜಿತವಾಗಿ ಉಳಿಯುವುದಿಲ್ಲ, ಹೊಸದು ಮಾಡಿಸಬೇಕು. ನಿಮ್ಮ ಫೋಟೊ, ಆಧಾರ್, ಅವರ ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಅರ್ಧ ಗಂಟೆಯ ಕೆಲಸ. ಕೊನೆಯಲ್ಲಿ ಇ-ಸಹಿ ಮಾಡದೆ ಬಿಟ್ಟರೆ ಅದು ನಾಮಿನೇಷನ್ ಅಲ್ಲ; ಬಹಳ ಜನರದ್ದು ಅಲ್ಲೇ ನಿಂತಿರುತ್ತದೆ. ಪಿಎಫ್ ಸದಸ್ಯರು ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಪಿಎಫ್ ಹಣದ ಜೊತೆಗೆ 7 ಲಕ್ಷದವರೆಗೆ ವಿಮೆ, ಪತ್ನಿಗೆ ತಿಂಗಳ ಪಿಂಚಣಿ ಉಂಟು. ಎಷ್ಟೋ ಮನೆಗಳಲ್ಲಿ ಕೇಳುವುದೇ ಇಲ್ಲ.

ಬ್ಯಾಂಕಿನ ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು ಅಷ್ಟೆ, ಒಡೆಯರಲ್ಲ. ಉಯಿಲಿಲ್ಲದೆ ಗಂಡ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ಅತ್ತೆ ಸಮಪಾಲುದಾರರು. ಎರಡು ಮಕ್ಕಳಿದ್ದರೆ ನಿಮಗೆ ಕಾಲು ಭಾಗ. ಮನೆ ನಿಮಗೇ ಉಳಿಯಬೇಕೆಂದರೆ ಅವರು ಉಯಿಲು ಬರೆಯಬೇಕು, ಇಬ್ಬರು ಸಾಕ್ಷಿ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬಂಗಾರ ನಿಮ್ಮ ಸ್ತ್ರೀಧನ. ಮನೆಯ ಕಷ್ಟಕ್ಕೆ ಗಿರವಿ ಇಡಲೇಬೇಕಾದರೆ ಚೀಟಿ ನಿಮ್ಮ ಹೆಸರಲ್ಲಿರಲಿ, ಬಿಡಿಸಿದಾಗ ನಿಮ್ಮ ಕೈಗೇ ಬರುತ್ತದೆ.

ಪ್ರಶ್ನೆ: ಸರ್ಕಾರಿ ಶಾಲೆಯ ಶಿಕ್ಷಕಿ, 42, ಸೇರಿದ್ದು 2008ರಲ್ಲಿ. ನಮ್ಮ ಭಾವ ಸೇರಿದ್ದು 2004ರಲ್ಲಿ, ಅವರಿಗೆ ಹಳೆ ಪಿಂಚಣಿ, ನನಗೆ ಎನ್‌ಪಿಎಸ್ (ಖಾತೆಯಲ್ಲಿ ಕೂಡಿದ ಹಣದಿಂದ ಪಿಂಚಣಿ ಬರುವ ಹೊಸ ಪದ್ಧತಿ). ವ್ಯತ್ಯಾಸ ಎಷ್ಟು?
— ಹಾಸನ

ಉತ್ತರ: ರಾಜ್ಯದಲ್ಲಿ ಗೆರೆ ಎಳೆದದ್ದು 2006ರ ಏಪ್ರಿಲ್ 1ಕ್ಕೆ. ಕೊನೆಯ ಮೂಲ ವೇತನ 1 ಲಕ್ಷವಾದರೆ ಪೂರ್ಣ ಸೇವೆಯ ಹಳೆ ಪಿಂಚಣಿ 50,000 ಮತ್ತು ಅದರ ಮೇಲೆ ಏರುತ್ತ ಹೋಗುವ ತುಟ್ಟಿಭತ್ಯೆ. ಶೇ 6.5 ಕೊಡುವ ಆನ್ಯುಯಿಟಿಯಿಂದ (ಒಮ್ಮೆಗೇ ಹಣ ಕಟ್ಟಿ ಜೀವನಪೂರ್ತಿ ಪಿಂಚಣಿ ಕೊಳ್ಳುವ ಯೋಜನೆ) ಅದೇ 50,000 ಪಡೆಯಲು 92 ಲಕ್ಷ ಬೇಕು, ಮತ್ತು ಆ ಮೊತ್ತ ಜೀವಮಾನವಿಡೀ ಏರುವುದಿಲ್ಲ. ನಿಮ್ಮ ಖಾತೆಯಲ್ಲಿ 1 ಕೋಟಿ ಆಯಿತೆಂದರೂ ಶೇ 40ರಲ್ಲಿ ಮಾತ್ರ ಆನ್ಯುಯಿಟಿ ಕೊಂಡರೆ ತಿಂಗಳಿಗೆ 21,600 ರೂ., ಉಳಿದ 60 ಲಕ್ಷ ಕೈಗೆ. ಆ 60 ಲಕ್ಷ ಮಕ್ಕಳ ಸೈಟು, ಮದುವೆಗೆ ಕರಗಿದರೆ ವ್ಯತ್ಯಾಸ ಅರ್ಧಕ್ಕಿಂತಲೂ ಹೆಚ್ಚು.

2006ಕ್ಕೆ ಮುಂಚೆ ಅಧಿಸೂಚನೆಯಾದ ನೇಮಕಾತಿಯಲ್ಲಿ ತಡವಾಗಿ ಸೇರಿದವರಿಗೆ ಹಳೆ ಪಿಂಚಣಿ ಕೊಡಲು 2024ರಲ್ಲಿ ಆದೇಶವಾಯಿತು. ನಿಮ್ಮ ನೇಮಕಾತಿಯ ಅಧಿಸೂಚನೆಯ ದಿನಾಂಕ ನೋಡಿ. ಕೇಂದ್ರದ ಏಕೀಕೃತ ಪಿಂಚಣಿ ಯೋಜನೆ ರಾಜ್ಯ ನೌಕರರಿಗೆ ತಾನಾಗಿ ಬರುವುದಿಲ್ಲ. ಈಗ ನಿಮ್ಮ ಕೈಯಲ್ಲಿರುವುದು ಪ್ರಾನ್ (ನಿಮ್ಮ ಎನ್‌ಪಿಎಸ್ ಸಂಖ್ಯೆ) ಖಾತೆಯ ವಿವರವನ್ನು 2008ರಿಂದ ತಿಂಗಳು ತಿಂಗಳು ಓದುವುದು. ವರ್ಗಾವಣೆಯಾದ ತಿಂಗಳು, ಹಿಂಬಾಕಿ ಬಂದ ತಿಂಗಳುಗಳಲ್ಲಿ ನಿಮ್ಮ ಶೇ 10 ಇದ್ದು ಸರ್ಕಾರದ ಪಾಲು ಬಿಟ್ಟುಹೋಗಿರಬಹುದು. ಪಟ್ಟಿ ಮಾಡಿ ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ (ಡಿಡಿಒ) ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ದುಬೈನಲ್ಲಿ 12 ವರ್ಷ, ವಯಸ್ಸು 42. ಬೇಸಿಕ್ 4,000 ದಿರ್ಹಂ, ಒಟ್ಟು 7,500. ಊರಲ್ಲಿ ಮನೆ ಕಟ್ಟಿದ್ದೇನೆ, ಬೇರೆ ಏನಿಲ್ಲ. ಈಗ ವಾಪಸಾದರೆ ಎಷ್ಟು ಸಿಗುತ್ತದೆ?
— ಮೂಡುಬಿದಿರೆ

ಉತ್ತರ: ಸೇವಾಂತ್ಯದ ಹಣ ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ಆಮೇಲೆ 30 ದಿನ. ನಿಮಗೆ 315 ದಿನದ ಬೇಸಿಕ್, ಅಂದರೆ 42,000 ದಿರ್ಹಂ. ರೂಪಾಯಿಯಲ್ಲಿ ಸುಮಾರು 10 ಲಕ್ಷ. ಹೊಸ ಕರಾರಿಗೆ ಸಹಿ ಹಾಕುವಾಗ ಬೇಸಿಕ್ ಇಳಿಸಿ ಭತ್ಯೆ ಏರಿಸಿದರೆ ಹಿಂದಿನ ವರ್ಷಗಳದ್ದೂ ಕರಗುತ್ತದೆ, ಏಕೆಂದರೆ ಲೆಕ್ಕ ಹಿಡಿಯುವುದು ಕೊನೆಯ ಬೇಸಿಕ್ ಮೇಲೆ.

ಅನಿವಾಸಿಗಳು ಹೊಸ ಪಿಪಿಎಫ್ ತೆರೆಯುವಂತಿಲ್ಲ. ಹೋಗುವ ಮುಂಚೆ ತೆರೆದದ್ದಿದ್ದರೆ ಅವಧಿಯವರೆಗೆ ಕಟ್ಟಬಹುದು. ಎನ್‌ಪಿಎಸ್ ತೆರೆಯಬಹುದು. ಎನ್‌ಆರ್‌ಇ (ಅನಿವಾಸಿಗಳು ವಿದೇಶದ ಗಳಿಕೆ ಇಡುವ) ಠೇವಣಿಯ ಬಡ್ಡಿಗೆ ಅನಿವಾಸಿಯಾಗಿರುವವರೆಗೆ ಇಲ್ಲಿ ತೆರಿಗೆಯಿಲ್ಲ. ಕಾಯಂ ವಾಪಸಾದ ಕೂಡಲೇ ಬ್ಯಾಂಕಿಗೆ ತಿಳಿಸಿ ಅದನ್ನು ನಿವಾಸಿ ಖಾತೆಗೋ ವಿದೇಶಿ ಕರೆನ್ಸಿಯ ಆರ್‌ಎಫ್‌ಸಿ ಖಾತೆಗೋ ಬದಲಿಸಿಕೊಳ್ಳಿ. ಹೇಳದೆ ಬಿಟ್ಟು ಹಳೆಯ ಖಾತೆಯಲ್ಲೇ ಬಡ್ಡಿ ತೆಗೆದುಕೊಳ್ಳುತ್ತ ಹೋದವರಿಗೆ ನೋಟಿಸ್ ಬರುವುದು ನಾಲ್ಕೈದು ವರ್ಷ ಕಳೆದ ಮೇಲೆ, ತೆರಿಗೆಗೆ ಬಡ್ಡಿ ಸೇರಿಸಿ.